ಮಗಳ ಪ್ಲೇಯರ್‌ಗೆ ಹೊಂದುವ ಸ್ಟೀರಿಯೋ

ಮಾರ್ಚ್ ೧೪, ಶುಕ್ರವಾರ.

ಕಾರಿಗೆ ಕೊನೆಗೂ ಸ್ಟೀರಿಯೋ ಹಾಕಿಸಿದೆ. ಮಗಳ ಹಳೇ ಮ್ಯೂಸಿಕ್ ಪ್ಲೇಯರ್‌ನ ವೈರು ಸಿಕ್ಕಿಸುವಂಥದ್ದೇ ಬೇಕೆಂದು ನಾಲ್ಕು ಅಂಗಡಿಯವರ ತಲೆ ತಿಂದಿದ್ದೆ. ಹಿಂದಿನ ಸೀಟಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂರುವವಳು ಇನ್ನಾದರೂ ನಮ್ಮ ಜೊತೆ ಹಾಡು ಕೇಳಲಿ ಎಂಬ ಆಸೆ.

ಸಂಜೆ ಸ್ಕೂಲಿನಿಂದ ಕರೆತರುವಾಗ ವೈರು ಕೊಟ್ಟೆ. ತೆಗೆದುಕೊಳ್ಳಲಿಲ್ಲ.

"ಆ ಪ್ಲೇಯರ್ ಕೆಟ್ಟು ಒಂದು ವರ್ಷ ಆಯ್ತಪ್ಪ."

"ಮತ್ತೆ ದಿನಾ ಕಿವಿಗೆ ಹಾಕ್ಕೊಳ್ತೀಯಲ್ಲ?"

"ನಂಗೆ ಕೇಳಿಸ್ತಿದೆ ಅಂತ ಗೊತ್ತಾದ್ರೆ ನೀವಿಬ್ರೂ ಜಗಳ ನಿಲ್ಲಿಸಿ ನನ್ನ ಮುಖ ನೋಡ್ತೀರ. ಅದು ಇನ್ನೂ ಕಷ್ಟ."

ಒಂದು ವರ್ಷ.

ಕಳೆದ ಭಾನುವಾರ ಸ್ಟೀರಿಂಗ್ ಹಿಡಿದುಕೊಂಡೇ ಹೆಂಡತಿಗೆ ಹೇಳಿದ್ದೆ: "ಇವಳೊಬ್ಬಳು ಹುಟ್ಟದೇ ಇದ್ದಿದ್ರೆ ನಾನು ಯಾವತ್ತೋ ಬಿಟ್ಟು ಹೋಗ್ತಿದ್ದೆ." ಆಮೇಲೆ ಕನ್ನಡಿಯಲ್ಲಿ ಹಿಂದೆ ನೋಡಿದೆ. ಮಗಳು ತಾಳಕ್ಕೆ ತಕ್ಕಂತೆ ತಲೆಯಾಡಿಸುತ್ತಿದ್ದಳು.