ಕ್ಲಬ್ಬಿಗೆ ಹೋದ ಪ್ಯಾಂಟು

ಮದ್ರಾಸು, ೧೪-೩-೧೯೫೮

ತುಂಗಕ್ಕನಿಗೆ ತಮ್ಮನ ನಮಸ್ಕಾರ.

ನಾನು ಯಾರ ಕಾರು ಓಡಿಸುತ್ತೇನೋ ಆ ಹೋಟೆಲಿನ ಧಣಿಗೆ, ಒಂಬತ್ತು ವರ್ಷ ಕಾದ ಮೇಲೆ, ಇಲ್ಲಿನ ದೊಡ್ಡವರ ಕ್ಲಬ್ಬಿನ ಸದಸ್ಯತ್ವ ಸಿಕ್ಕಿತು. ನಿನ್ನೆ ಸಂಜೆ ಜರಿಪಂಚೆ ಉಟ್ಟು ಹೊರಟರು. ಬಾಗಿಲಲ್ಲೇ ಕಾವಲಿನವನು ತಡೆದು, "ವೇಷ್ಟಿ ಕೂಡಾದು ಸಾರ್, ಪ್ಯಾಂಟ್ ವೇಣುಂ" ಎಂದ; ಪಂಚೆ ಉಟ್ಟರೆ ಒಳಗೆ ಬಿಡುವುದಿಲ್ಲ, ಪ್ಯಾಂಟೇ ಬೇಕಂತೆ. ಧಣಿ ಕಾರಿಗೆ ಮರಳಿ, ನನ್ನ ಮುಖ ನೋಡದೆ, "ಸದಾನಂದ, ನಿನ್ನ ಪ್ಯಾಂಟು ಬಿಚ್ಚಿಕೊಡು ಮಾರಾಯ" ಎಂದರು. ಅವರ ಪಂಚೆ ಉಟ್ಟುಕೊಂಡು ನಾನು ಎರಡು ಗಂಟೆ ಕಾರಿನಲ್ಲೇ ಕುಳಿತಿದ್ದೆ. ಮನೆಗೆ ಬರುವಾಗ, ಒಳಗೆ ಏನಿತ್ತೆಂದು ಕೇಳಿದೆ. "ನಾಲ್ಕು ಮುದುಕರು ಪೇಪರ್ ಓದ್ತಾ ಇದ್ರು. ಯಾರೂ ತಲೆ ಎತ್ತಲಿಲ್ಲ" ಎಂದರು.

ನನ್ನ ಕೆಮ್ಮು ಕಡಿಮೆಯಾಗಿದೆ, ಚಿಂತೆ ಬೇಡ. ಪ್ಯಾಂಟು ಇನ್ನೂ ಅವರಲ್ಲೇ ಇದೆ. ಇವತ್ತೂ ಅದನ್ನೇ ಹಾಕಿಕೊಂಡು ಹೋಗುತ್ತಾರಂತೆ. ಕರೆಯುತ್ತಿದ್ದಾರೆ.

ನಿನ್ನ ಸದಾನಂದ