ಹಸಿ ಬಣ್ಣದ ಹಣೆ

ಅಪ್ಪಾಜಿ,

ಇವತ್ತು ಬೆಳಿಗ್ಗೆ ಹೊಸ ಸೈನಿಕನ ಗೊಂಬೆ ಮುಗಿಸಿದೆ. ಪ್ಲಾಸ್ಟಿಕ್ ತುಂಡುಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಕೊನೆಗೆ ಮುಖಕ್ಕೆ ಬಣ್ಣ ಹಚ್ಚಿದೆ. ಹಣೆ ಜೋಳದ ಕಾಳಿನಷ್ಟೂ ಇಲ್ಲ.

ಹಿಂದೊಮ್ಮೆ ನೀವು ಪೂಜೆ ಮುಗಿಸಿ, ಅಮರಗೋಳದ ನಿಮ್ಮ ಅಂಗಡಿಗೆ ಹೊರಡುವ ಮುನ್ನ, ಇಂಥದೇ ಗೊಂಬೆಯ ಹಣೆಗೆ ಚೂಪು ಮಾಡಿದ ಬೆಂಕಿಕಡ್ಡಿಯ ತುದಿಯಿಂದ ವಿಭೂತಿ ಎಳೆದಿರಿ. ಬಣ್ಣ ಹಸಿಯಿತ್ತು, ಬೂದಿ ಅಂಟಿಕೊಂಡಿತು.

“ಬರೀ ಹಣಿ ನೋಡಾಕ ಆಗಲಿಲ್ಲೋ ಪ್ರಭು,” ಅಂದಿರಿ.

“ವಾರದ ಕೆಲಸ ಕೆಡಿಸಿದ್ರಿ!” ಎಂದು ಕೂಗಿ, ನಿಮ್ಮೆದುರಿಗೇ ಥಿನ್ನರ್ ಹಾಕಿ ಒರೆಸಿದೆ.

ಆಮೇಲೆ ನೀವು ನನ್ನ ಕೋಣೆಯ ಹೊಸ್ತಿಲು ದಾಟಲಿಲ್ಲ. ಹೊರಗೆ ನಿಂತೇ ಕೇಳುತ್ತಿದ್ದಿರಿ: “ಒಣಗೇತೇನೋ?” ನಾನು ತಲೆಯೆತ್ತದೆ “ಇನ್ನೂ ಇಲ್ರಿ” ಅನ್ನುತ್ತಿದ್ದೆ. ಒಣಗಿದ್ದಾಗಲೂ.

ನೀವು ತೀರಿಕೊಂಡ ಮೇಲೆ ಯಾರೂ ಮುಟ್ಟದ ನಿಮ್ಮ ವಿಭೂತಿ ಗಟ್ಟಿಯನ್ನು ಇವತ್ತು ದೇವರ ಜಗಲಿಯಿಂದ ತಂದೆ. ಬೆಂಕಿಕಡ್ಡಿಯಿಂದ ಎಳೆಯಲು ಹೋದರೆ ಗೆರೆ ಹರಡಿ, ಸೈನಿಕನ ಮುಖವೆಲ್ಲ ಬೂದಿಯಾಯಿತು. ನಿಮ್ಮ ಮೂರು ಗೆರೆಗಳೂ ಎಷ್ಟು ನೆಟ್ಟಗಿದ್ದವು!

ಒರೆಸಿಲ್ಲ. ಬಣ್ಣ ಇನ್ನೂ ಹಸಿಯಿದೆ. ಬಾಗಿಲ ಕಡೆ ತಿರುಗಿ, ಗಟ್ಟಿಯಾಗಿಯೇ ಹೇಳಿದೆ:

“ಒಳಗ ಬರ್ರಿ, ಅಪ್ಪಾಜಿ.”