ನಿನ್ನ ಅಮ್ಮ ಮಲಗಿದ್ದಾಳೆ

ಮನೆಯಿಂದ,
ಭಾನುವಾರ ಸಂಜೆ, ಮಾರ್ಚ್ 14

ಮುದ್ದಿನ ಮಗಳೇ,

ಹೇಗಿದ್ದೀಯಮ್ಮ? ಕೆಮ್ಮು ಹೋಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಅಮ್ಮನಂತೂ ನನಗಿಂತ ಚೆನ್ನಾಗಿದ್ದಾಳೆ.

ಮಂಡಿನೋವಿಗೆಂದು ಈಜು ಕಲಿಯಲು ಹೋದವಳು ಹಿರಿಯರ ಸ್ಪರ್ಧೆಗೇ ಹೆಸರು ಕೊಟ್ಟು ಬಂದದ್ದನ್ನು ಬರೆದಿದ್ದೆನಲ್ಲ. ಅವಳ ಆಸೆ ಒಂದೇ, ಕೆರೆಯ ಆ ದಡ ಮುಟ್ಟಬೇಕು. ಈಜು ಕಲಿಸುವ ಹುಡುಗಿ ಒಳ್ಳೆಯವಳು, ಬಾಯಿ ಮಾತ್ರ ಖಾರ. ಈಜಿದ ಮರುದಿನ ಮೈಗೆ ಪೂರ್ತಿ ವಿಶ್ರಾಂತಿ ಕೊಡಬೇಕು, ಮೈ ಸುಧಾರಿಸಿಕೊಳ್ಳುವುದೇ ಆಗ ಎಂದು ಹೇಳಿ ಕಳಿಸಿದ್ದಳು. ನಮ್ಮವಳೋ, ವಿಶ್ರಾಂತಿ ಎಂದರೆ ಈಜದಿರುವುದು ಎಂದುಕೊಂಡಳು. ನಮ್ಮ ಹೊಲಿಗೆ ಅಂಗಡಿಯ ಕಾಜ, ಗುಂಡಿ ಕೆಲಸಕ್ಕೆ ರಜೆ ಹಾಕಿ, ಪರದೆ ಕಂಬಳಿಗಳನ್ನೆಲ್ಲ ಒಗೆದು ಹಿಂಡಿದಳು. ಸಾಲದ್ದಕ್ಕೆ ನನ್ನ ಹೊಲಿಗೆ ಯಂತ್ರವನ್ನೂ ಸರಿಸಿ ನೆಲ ಉಜ್ಜಿದಳು. ಮರುದಿನ ಕೈ ಮೇಲೇಳಲಿಲ್ಲ. ಹುಡುಗಿ ಭುಜ ಒತ್ತಿ ನೋಡಿ, “ಅಮ್ಮಾ, ನಿಜ ಹೇಳಿ, ಏನೇನ್ ಒಗೆದ್ರಿ?” ಎಂದು ಕೇಳಿಯೇಬಿಟ್ಟಳು. ನೋವು ಹೋಗದಿದ್ದರೆ ಸ್ಪರ್ಧೆಗೆ ಬಿಡುವುದಿಲ್ಲ ಎಂದೂ ಅಂದಳು. ಕಾವಲು ನನ್ನ ತಲೆಗೆ ಬಂತು.

ನಿನ್ನ ಅಮ್ಮನನ್ನು ಮಲಗಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದ ಹಾಗೆ. ನಾನು ಅತ್ತ ತಿರುಗಿದರೆ ಇವಳು ಇತ್ತ ಏಳುವಳು. ಕೊನೆಗೆ ಅಂಗಡಿ ಮುಚ್ಚಿ, ಪೊರಕೆ ಬಚ್ಚಿಟ್ಟು, ಹಾಲು ಕಾಯಿಸಿ ಕುಡಿಸಿ, ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಗೊಣಗುತ್ತಲೇ ನಿದ್ದೆಹೋದಳು. ಜ್ವರ ಬಂದಾಗ ಬಿಟ್ಟರೆ ಅವಳು ಹಗಲಲ್ಲಿ ಮಲಗಿದ್ದನ್ನು ನಾನು ಕಂಡವನೇ ಅಲ್ಲ. ಉಸಿರಾಡುತ್ತಿದ್ದಾಳೆಯೇ ಎಂದು ಮೂಗಿನ ಹತ್ತಿರ ಬೆರಳಿಟ್ಟೆ. ಒಂದೇ ಕಣ್ಣು ತೆರೆದು, “ಇನ್ನೂ ಇದ್ದೀನಿ ರೀ. ಒಲೆ ಆರಿಸಿದ್ರಾ?” ಎಂದಳು.

ನಿನ್ನೆ ಹುಡುಗಿ ಮತ್ತೆ ಭುಜ ಒತ್ತಿದಾಗ ನಮ್ಮವಳು ಮುಖ ಕಿವುಚಲಿಲ್ಲ. ಒಪ್ಪಿಗೆ ಸಿಕ್ಕಿತು. ಇವತ್ತು ಬೆಳಿಗ್ಗೆ ಆ ದಡ ಮುಟ್ಟಿದಳಮ್ಮ, ಮುಟ್ಟಿಯೇಬಿಟ್ಟಳು! ಕೊನೆಯಿಂದ ಎರಡನೆಯವಳಾದರೆ ಏನಂತೆ? ಟವೆಲ್ ಹಿಡಿದು ಕಾದಿದ್ದ ನಾನು ಖುಷಿಗೆ ಚಪ್ಪಲಿ ಸಮೇತ ನೀರಿಗಿಳಿದೆ. ಒಂದು ಚಪ್ಪಲಿ ಕೆರೆಯ ಪಾಲಾಯಿತು.

ನೀನೂ ಅವಳ ಮಗಳೇ, ಕೂತಲ್ಲಿ ಕೂರುವವಳಲ್ಲ. ಮೈ ನೋಡಿಕೋ. ನಮ್ಮಿಬ್ಬರ ಆಶೀರ್ವಾದ ಸದಾ ನಿನ್ನ ಬೆನ್ನಿಗಿದೆ.

ನಿನ್ನ
ಅಪ್ಪ

ತಾ.ಕ.: ಈಗ ಯಾರ ಕಾವಲೂ ಇಲ್ಲದೆ, ತಾನಾಗಿಯೇ ಬಾಗಿಲು ಹಾಕಿಕೊಂಡು ಮಲಗಿದ್ದಾಳೆ. ಇನ್ನು ಮೇಲೆ ವಾರಕ್ಕೊಂದು ದಿನ ಹೀಗೇ ಅಂತೆ. ಅನ್ನಕ್ಕೆ ನೀರು ಎಷ್ಟು ಹಾಕಬೇಕು, ಬೇಗ ಬರೆ. ನಿನ್ನ ಕಾಗದ ಬರುವವರೆಗೆ ಬ್ರೆಡ್ಡು ತಿಂದುಕೊಂಡಿರುತ್ತೇನೆ. ಅವಳನ್ನು ಎಬ್ಬಿಸಿ ಕೇಳಲು ಮನಸ್ಸು ಬರುತ್ತಿಲ್ಲ.